ಗೋಡೆಯಾಚೆಯಿಂದ ‘ಬಿಡ್ರೀ’ ಎನ್ನುವ ಬುಡ್ಡೇಸಾಬ

ಎಳ್ಳ ಅಮಾವಾಸ್ಯೆಯ ನಸುಕು. ಬೆಟಗೇರಿಯ ಮನೆಯೊಂದರ ಹಿತ್ತಲಲ್ಲಿ ಬುಡ್ಡೇಸಾಬ ಕುಕ್ಕರಗಾಲಲ್ಲಿ ಕುಳಿತು, ಗೋಡೆಯಿಂದ ಹೊರಚಾಚಿದ ಪೈಪಿನ ಬಾಯಿಗೆ ಬ್ಯಾಟರಿಯ ಬೆಳಕು ಬಿಡುತ್ತಿದ್ದಾರೆ. ಗೋಡೆಯ ಆಚೆಗೆ ಅಡುಗೆಮನೆ. ಸಿಂಕು ಕಟ್ಟಿಕೊಂಡು ಬೇಳೆ ಬೇಯಿಸಿದ ಪಾತ್ರೆಯ ನೀರು, ಹಿಟ್ಟಿನ ಪರಾತ ತೊಳೆದ ನೀರು, ಎಣ್ಣೆಯ ಜಿಡ್ಡು ಎಲ್ಲ ನೆಲಕ್ಕಿಳಿದಿದೆ. ಬಿಸಿಲೇರುವುದರೊಳಗೆ ಹೊಂಬಳದ ಹೊಲಕ್ಕೆ, ಭೂತಾಯಿಗೆ ಎಡೆ ಹಿಡಿದು ಬೆಳೆಗೆ ಚೆಲ್ಲುವ ಚರಗದ ಬುತ್ತಿ ಹೊರಡಬೇಕು. ಟ್ರ್ಯಾಕ್ಟರು ಆಗಲೇ ಬಾಗಿಲಿಗೆ ಬಂದು ನಿಂತಿದೆ, ಕಡುಬು ಮಾತ್ರ ಇನ್ನೂ ಬೆಂದಿಲ್ಲ.

ಬುಡ್ಡೇಸಾಬ ಪೈಪಿಗೆ ಕೈ ಹಾಕುತ್ತಿಲ್ಲ. ನೋಡುತ್ತಾರೆ, ಮೂಸುತ್ತಾರೆ, ಹಿಂದೆ ಸರಿಯುತ್ತಾರೆ. “ಒಳಗ ಬಿಡ್ತೀವಿ ಅಂತ ಕರಕೊಂಡ ಬಂದ್ರು. ಬಂದ ಮ್ಯಾಲ ಹೊರಗಿಂದನ ಮಾಡು ಅಂತಾರ. ಈ ಮನ್ಯಾಗ ನಾ ಹೊರಗಿಂದ ಕೈ ಹಾಕಂಗಿಲ್ರಿ,” ಎನ್ನುತ್ತಾ ಬಲಗೈ ಎತ್ತಿ ತೋರಿಸುತ್ತಾರೆ. ಕಿರುಬೆರಳು, ಉಂಗುರ ಬೆರಳು ಎರಡೂ ಮಡಚುವುದಿಲ್ಲ. ಚರ್ಮ ಮಣಿಕಟ್ಟಿನವರೆಗೆ ಸುಕ್ಕುಗಟ್ಟಿ ಬಿಳಚಿಕೊಂಡಿದೆ.

ಈ ಬೆರಳುಗಳು ಒಂದು ಕಾಲಕ್ಕೆ ಕೈಮಗ್ಗದ ಮೇಲೆ ಹರಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದವು. ಮಗ್ಗ ನಿಂತಿತು. ಸ್ಪ್ರಿಂಗ್ ತಂತಿ, ಬಿದಿರ ಸೀಳು, ರಬ್ಬರಿನ ಪಂಪು ಇವಿಷ್ಟನ್ನು ಹಳೆಯ ಲೂನಾ ಮೊಪೆಡ್ಡಿಗೆ ಕಟ್ಟಿಕೊಂಡು ಮನೆಮನೆಯ ಕಟ್ಟಿದ ಪೈಪು ಬಿಡಿಸಲು ಹೊರಟರು. ದಿನಕ್ಕೆ ನಾಲ್ಕೈದು ಮನೆ. ಹಬ್ಬ ಬಂತೆಂದರೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಲಕ್ಷ್ಮೇಶ್ವರದಿಂದಲೂ ಮುಂಡರಗಿಯಿಂದಲೂ ಫೋನು ಬರುತ್ತದೆ. ಕಟ್ಟಿಕೊಂಡಾಗ ಎಲ್ಲರಿಗೂ ಬುಡ್ಡೇಸಾಬ ಬೇಕು. ನೀರು ಹರಿಯಿತೋ, ಯಾವ ಬುಡ್ಡೇಸಾಬ?

ಅವರ ಕೆಲಸದ ಕ್ರಮವೂ ಈ ಮನೆಗಳೇ ಕಲಿಸಿದ್ದು. ಅಡುಗೆಮನೆಗೆ ಪ್ರವೇಶವಿಲ್ಲ. ಹಾಗಾಗಿ ಅವರು ಹಿತ್ತಲಲ್ಲಿ ಕುಳಿತು ಪೈಪಿನೊಳಗೆ ಕೈ ತೂರಿಸಿ ‘ಬಿಡ್ರೀ’ ಎಂದು ಕೂಗಬೇಕು, ಒಳಗಿದ್ದವರು ನೀರು ಸುರಿಯಬೇಕು. ‘ಸಾಕ್ರೀ’ ಎಂದರೆ ನಿಲ್ಲಿಸಬೇಕು. ನಡುವೆ ಗೋಡೆ. ಸುರಿಯುವವರು ಯಾರು, ಸುರಿಯುವುದು ಏನು, ಕೈ ಹಾಕಿದವನಿಗೆ ಕಾಣುವುದಿಲ್ಲ. ಎರಡು ವರ್ಷದ ಕೆಳಗೆ ಇದೇ ಮನೆಯಲ್ಲಿ ಇವರು ‘ಬಿಡ್ರೀ’ ಎಂದಾಗ ಯಜಮಾನಿ ಶೇಖವ್ವ ಬಿಟ್ಟದ್ದು ನೀರಲ್ಲ, ಬಚ್ಚಲು ತೊಳೆಯುವ ಆ್ಯಸಿಡ್.

“ಜಲ್ದಿ ಆಗಲಿ ಅಂತ ಹಾಕಿದ್ನಿ ಅಂದ್ರು. ಬೇಕಂತ ಮಾಡಿಲ್ಲ, ಖರೆ ಐತಿ. ಆದ್ರ ನಾ ಒಳಗ ಇದ್ದಿದ್ರ ಬಾಟ್ಲಿ ನನ್ನ ಕಣ್ಣಿಗೆ ಬೀಳ್ತಿತ್ತಲ್ರಿ?” ಅವರ ದನಿ ಏರುತ್ತದೆ. “ಸಿಲಿಂಡರ್ ತರಾಂವ ಒಳಗ ಹೋಗ್ತಾನ. ಫ್ರಿಜ್ ರಿಪೇರಿ ಮಾಡಾಂವ ಒಳಗ ಹೋಗ್ತಾನ. ನಾ ಹೋದ್ರ ಗಲೀಜಂತ. ಪೈಪಿನ್ಯಾಗ ಇರೋ ಗಲೀಜ ನಂದೇನ್ರಿ? ಅವರು ಉಂಡ ಮಿಕ್ಕಿದ್ದು!”

ಸಿಟ್ಟು ಬರಬಾರದೆಂದರೆ ಹೇಗೆ? ಕೈ ಸುಟ್ಟುಕೊಂಡವರು ಮೂರು ತಿಂಗಳು ತುತ್ತನ್ನೂ ಹೆಂಡತಿ ರೋಶನಬಿಯ ಕೈಯಿಂದ ಉಂಡರು. ಈ ಮನೆಯವರು ಒಂದು ಸಲ ಬಂದು ಹೇಗಿದ್ದೀರಿ ಎಂದು ಕೇಳಲಿಲ್ಲ. ಇನ್ನೊಂದು ಕೈಯೂ ಹೋದರೆ ಲೂನಾ ಮೂಲೆಗೆ, ಮನೆ ಬೀದಿಗೆ. ಅದಕ್ಕೇ ಈ ಮನೆಯ ಹೊಸ್ತಿಲಲ್ಲಿ ಅವರದು ಒಂದೇ ಹಟ: ಒಳಗೆ ಬಿಟ್ಟರೆ ಕೆಲಸ, ಇಲ್ಲವಾದರೆ ಇಲ್ಲ.

ಹಿತ್ತಲ ಬಾಗಿಲಿಗೆ ಶೇಖವ್ವ ಬರುತ್ತಾರೆ. “ಇವತ್ತ ಎಡಿ ಮಾಡೋ ಒಲಿ ಐತೆಪಾ. ಹೊರಗಿಂದನ ನೋಡು. ಸೊಸಿ ನೀರ ಬಿಡ್ತಾಳ.”

“ಅವ್ವಾರ, ಈ ಕೈ ನೆನಪೈತೇನ್ರಿ?” ಬುಡ್ಡೇಸಾಬ ತಂತಿ ಸುತ್ತಿ ಚೀಲಕ್ಕೆ ತುರುಕುತ್ತಾರೆ. “ನಾ ಹೊಂಟೆ. ಹಬ್ಬ ಚಂದ ಮಾಡ್ರಿ.”

ಹೊರಗೆ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತದೆ. ಅಷ್ಟರಲ್ಲಿ ಸೊಸೆ ಸೌಂದರ್ಯಾ ಬಾಗಿಲಿಗೆ ಓಡಿ ಬರುತ್ತಾಳೆ. ನಸುಕಿನಲ್ಲೇ ಸ್ಕೂಟಿ ಹತ್ತಿ ಹೋಗಿ ಮಾತು ಕೊಟ್ಟು ಕರೆತಂದವಳು ಅವಳೇ. “ಅತ್ತಿ, ಈ ಕಡೆ ಸರೀರಿ. ಬರ್ರಿ ಕಾಕಾ, ಒಳಗ ಬರ್ರಿ.” ಶೇಖವ್ವ ಮುಖ ಗಂಟಿಕ್ಕಿಕೊಂಡೇ ಸರಿಯುತ್ತಾರೆ.

ನಳದ ಕೆಳಗೆ ಕೈಕಾಲು ತೊಳೆದು ಬುಡ್ಡೇಸಾಬ ಒಳಗೆ ಕಾಲಿಡುತ್ತಾರೆ. ಸಿಂಕಿನ ಕೆಳಗೆ ಬಗ್ಗಿದವರು ಹಾಗೇ ನಿಲ್ಲುತ್ತಾರೆ. ಮೂಲೆಯಲ್ಲಿ ಖಾಲಿ ಬಾಟಲಿ. ಅದೇ ಆ್ಯಸಿಡ್ಡಿನದು.

“ಇದನ್ನ ಯಾವಾಗ ಹಾಕೀರಿ?”

ಸೌಂದರ್ಯಾ ಅತ್ತೆಯ ಮುಖ ನೋಡುತ್ತಾಳೆ. “ನಿನ್ನಿ ಸಂಜಿಕ ಒಂದೀಟ ಹಾಕಿದ್ನೆಪಾ,” ಎನ್ನುತ್ತಾರೆ ಶೇಖವ್ವ. ಸಾರಿಗೆ ಉಪ್ಪು ಹಾಕಿದೆ ಎಂಬಷ್ಟು ಹಗುರಾಗಿ. ಇಷ್ಟು ಹೊತ್ತು ‘ಹೊರಗಿಂದನ ಕೈ ಹಾಕು’ ಎಂದವರೂ ಇವರೇ!

ಬುಡ್ಡೇಸಾಬ ಬಾಟಲಿ ಎತ್ತಿ ಹಿಡಿಯುತ್ತಾರೆ. “ನಾ ಹೊರಗ ಕೈ ಹಾಕಿದ್ರ ಉಳಿದ ಬೆರಳೂ ಹೋಗ್ತಿದ್ವು. ಒಂದ ಮಾತ ಹೇಳಾಕ ನಿಮ್ಮ ಬಾಯಿಗೆ ಏನಾಗಿತ್ರಿ? ಏನ್ ಸುರುವೀರಿ ಅಂತ ಮೊದ್ಲ ಖರೆ ಹೇಳ್ರಿ. ನಾ ಮತ್ತೇನೂ ಬೇಡಂಗಿಲ್ಲ.” ಅವರು ದಪ್ಪ ಕೈಗವಸು ತೊಡುತ್ತಾರೆ, ಕೆಳಗೆ ಪ್ಲಾಸ್ಟಿಕ್ ಬಕೆಟ್ ಇಟ್ಟು, ಮುಖ ಹಿಂದಕ್ಕೆ ಹಿಡಿದು, ಬಾಗಿದ ಪೈಪನ್ನು ನಿಧಾನಕ್ಕೆ ಬಿಚ್ಚುತ್ತಾರೆ. ಹುಳಿ ಹೊಗೆ ಮೂಗಿಗೆ ಅಡರುತ್ತದೆ. ಆಮೇಲೆ ಬರುತ್ತದೆ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಎಣ್ಣೆ ಕುಡಿದು ಕಲ್ಲಾಗಿದೆ. ಆ್ಯಸಿಡ್ಡು ಅದರ ಮೈಯನ್ನೂ ಸವರಿಲ್ಲ. ಪೈಪು ಕೂಡಿಸಿ, ನೀರು ಬಿಟ್ಟು, ಸೋರುತ್ತಿಲ್ಲವೆಂದು ಬೆರಳಾಡಿಸಿ ನೋಡಿ ಏಳುತ್ತಾರೆ. ಸಿಂಕು ಗಟಗಟನೆ ನೀರು ಕುಡಿಯುತ್ತಿದೆ.

ಹಿತ್ತಲಿಗೆ ಬಂದು ಸಾಮಾನು ಕಟ್ಟುತ್ತಿರುವಾಗ ಒಳಗೆ ಕೊಡ ಬೋರಲು ಹಾಕಿದ ಸದ್ದು, ಬೆನ್ನಿಗೇ ಪೊರಕೆಯ ಸದ್ದು. ಮರುಗಳಿಗೆಗೆ ಗೋಡೆಯ ಪೈಪಿನಿಂದ ಹಳದಿ ನೀರು ಧುಮುಕುತ್ತದೆ. ಅರಿಷಿಣ ಕಲಸಿದ ನೀರು. ಬುಡ್ಡೇಸಾಬ ಇನ್ನೂ ಹಿತ್ತಲು ದಾಟಿಲ್ಲ, ಅವರು ತುಳಿದ ನೆಲವನ್ನೂ ಮುಟ್ಟಿದ ಸಿಂಕನ್ನೂ ಶೇಖವ್ವ ಆಗಲೇ ತೊಳೆಯುತ್ತಿದ್ದಾರೆ. ಚಹದ ಕಪ್ಪು ಹಿಡಿದು ಬಂದ ಸೌಂದರ್ಯಾ ಬಾಗಿಲಲ್ಲೇ ತಲೆ ತಗ್ಗಿಸಿ ನಿಲ್ಲುತ್ತಾಳೆ.

ಬುಡ್ಡೇಸಾಬ ಕಪ್ಪು ಮುಟ್ಟುವುದಿಲ್ಲ. ಕುಕ್ಕರಗಾಲಲ್ಲಿ ಕುಳಿತು, ಆ ನೀರು ಪೂರ್ತಿ ಹೋಗುವವರೆಗೆ ಕಣ್ಣು ಕೀಳದೆ ನೋಡುತ್ತಾರೆ. ಆಮೇಲೆ ಎದ್ದು ಲೂನಾಕ್ಕೆ ಒದೆಯುತ್ತಾರೆ.

“ಅತ್ತಿಗೆ ಹೇಳವಾ,” ಎನ್ನುತ್ತಾರೆ, “ಇನ್ನೂ ಎಷ್ಟ ಕೊಡ ಬೇಕಾದ್ರೂ ಸುರುವಲಿ. ನಾ ಬಿಡಿಸಿದ ಪೈಪ ಐತದು. ಒಂದ ಹನಿ ನಿಂದ್ರಂಗಿಲ್ಲ.”