ಭೈರನ ಬಲಗಾಲು

ಆಗೆಲ್ಲ ನಮ್ಮ ಉಯ್ಯಂಬಳ್ಳಿ ಕಡೆ ನಾಯಿಗೆ ಡಾಕ್ಟರು ಎಂದರೆ ಜನ ನಗುತ್ತಿದ್ದರು. ಕುರಿಗೆ ಉಂಟು, ಹಸುವಿಗೆ ಉಂಟು, ನಾಯಿಗೆಂಥ ಡಾಕ್ಟರು? ಕಾಲು ನೊಂದರೆ ತಾನೇ ನೆಕ್ಕಿಕೊಂಡು ವಾಸಿ ಮಾಡಿಕೊಳ್ಳುತ್ತದೆ ಎನ್ನುತ್ತಿದ್ದರು. ನೀವೂ ಅಂಥ ಊರಲ್ಲಿ ಬೆಳೆದವರಾದರೆ ಇದು ಸುಳ್ಳಲ್ಲ ಎಂದು ತಲೆಯಾಡಿಸುತ್ತೀರಿ.

ನನಗಾಗ ಒಂಬತ್ತು ವರ್ಷ. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾನು, ಮತ್ತೆ ಒಂದು ಮಂದೆ ಕುರಿ. ಕಾಡಂಚಿನ ಊರಾದ್ದರಿಂದ ಚಿರತೆ ಕಾಟ ತಪ್ಪಿದ್ದಲ್ಲ. ಹಾರೋಹಳ್ಳಿ ಹತ್ತಿರ ಒಂದು ತೋಟದ ಮನೆಗೆ ಕುರಿಗೊಬ್ಬರ ಹಾಕಲು ಹೋಗಿದ್ದ ಅಪ್ಪ, ಅಲ್ಲಿದ್ದ ದೊಡ್ಡ ಜಾತಿ ನಾಯಿಯ ಮರಿಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದ. ಅಜ್ಜಿ ಅದರ ಹಣೆಗೆ ಮಾದಪ್ಪನ ಧೂಳ್ತ, ಅಂದರೆ ವಿಭೂತಿ, ಇಟ್ಟು, “ಭೈರವನ ವಾಹ್ನ ಕಣ್ರವ್ವ, ಯಾರೂ ಒದೀಬ್ಯಾಡಿ” ಎಂದಳು. ಹಾಗಾಗಿ ಅವನು ಭೈರನಾದ.

ಎಂಟು ತಿಂಗಳಿಗೆಲ್ಲ ಭೈರ ನನ್ನ ಸೊಂಟದೆತ್ತರ ಬೆಳೆದುಬಿಟ್ಟ. ಅಷ್ಟೆತ್ತರದ ನಾಯಿಯನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಬುದ್ಧಿ ಮಾತ್ರ ಇನ್ನೂ ಮರಿಯದೇ.

ಅವರೆಕಾಯಿ ಕಾಲ ಅದು. ಬೀದಿಯುದ್ದಕ್ಕೂ ಸೊಗಡಿನ ವಾಸನೆ, ಹಿತಕಿದ ಬೇಳೆ ಸಾರಿನ ಘಮ. ಒಕ್ಕಣೆ ಮುಗಿದು ಮನೆ ಹಿಂದೆ ರಾಗಿ ಹುಲ್ಲಿನ ಮೆದೆ ಎದ್ದಿತ್ತು. ಸ್ಕೂಲಿನಿಂದ ಬಂದವಳೇ ನಾನು ಮೆದೆಯ ತುದಿಗೆ ಹತ್ತಿ ಜಾರುತ್ತಿದ್ದೆ. ಭೈರನೂ ಹಿಂದೆಯೇ ಹತ್ತಿ ಮೇಲಿನಿಂದ ಧೊಪ್ಪೆಂದು ಹಾರುತ್ತಿದ್ದ. ಮೆದೆ ಕೆಡಿಸಿದ್ದು ಗೊತ್ತಾದರೆ ಅವ್ವ ಹುಣಸೆ ಬರಲಿನಲ್ಲಿ ಬಾರಿಸುತ್ತಿದ್ದಳು. ಅದಕ್ಕೇ ಈ ಆಟ ನಮ್ಮಿಬ್ಬರ ಗುಟ್ಟು.

ಒಂದು ದಿನ ಭೈರ ಮುಂದಿನ ಎಡಗಾಲು ಊರಲಿಲ್ಲ. ಮೂರೇ ಕಾಲಲ್ಲಿ ಕುಪ್ಪಳಿಸಿಕೊಂಡು ನನ್ನ ಹತ್ತಿರ ಬಂದ. ಮೆದೆಯಿಂದ ಹಾರಿಸಿದ್ದಕ್ಕೇ ಹೀಗಾಯಿತು ಎಂದು ಖಾತ್ರಿಯಾಯಿತು. ಯಾರಿಗೂ ಹೇಳಲಿಲ್ಲ. ದೊಡ್ಡವರೆಲ್ಲ ಅವರೆ ಹೊಲದಲ್ಲಿ ಮುಳುಗಿದ್ದರು, ಅವರ ಕಣ್ಣಿಗೂ ಬೀಳಲಿಲ್ಲ. ನಾಲ್ಕು ದಿನದಲ್ಲಿ ಕಾಲು ತಾನೇ ಸರಿಹೋಯಿತು. ಮಾದಪ್ಪ ಕಾಪಾಡಿದ ಅಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಮತ್ತೆ ಕುಂಟಿದ. ಈ ಸಲ ಮುಂದಿನ ಬಲಗಾಲು. ಈ ಸಲ ಮನೆಯವರೆಲ್ಲ ನೋಡಿದರು.

ಅವ್ವ, “ಜಾಲಿ ಮುಳ್ಳು ಮುರ್ದೈತೆ” ಎಂದು ಪಿನ್ನು ಹಿಡಿದು ಪಾದದ ಸಂದುಸಂದು ಹುಡುಕಿದಳು. ಏನೂ ಸಿಗಲಿಲ್ಲ. ಅಪ್ಪ, “ಉಳುಕೈತೆ” ಎಂದು ಹರಳೆಣ್ಣೆ ತಿಕ್ಕಿ ಹುಣಸೆ ಸೊಪ್ಪು ಕಟ್ಟಿದ. ಭೈರ ಸೊಪ್ಪನ್ನು ಕಿತ್ತು ಎಣ್ಣೆಯನ್ನು ನೆಕ್ಕಿಬಿಟ್ಟ. ಅಜ್ಜಿಗೆ ದೃಷ್ಟಿಯ ಅನುಮಾನ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. “ಬೆಳೆಯೋ ಜೀವ, ಶಕ್ತಿ ಸಾಲ್ದು” ಎಂದು ದಿನಾ ಇನ್ನೊಂದು ಮುದ್ದೆ, ಎರಡು ಮೊಟ್ಟೆ, ಚೊಂಬು ಹಾಲು ಬೇರೆ. ಎಷ್ಟು ತಿಂದರೂ ಕುಂಟುವುದು ನಿಲ್ಲಲಿಲ್ಲ.

ಬೀದಿಯಲ್ಲಿ ಅಪ್ಪನ ಗೆಳೆಯರು ಸುಮ್ಮನಿರುತ್ತಾರೆಯೇ? “ಏನ್ಲಾ ಸಿದ್ದ, ಚಿರತೆ ಬಂದ್ರೆ ನಿನ್ ನಾಯಿ ಕಾಲೆತ್ತಿ ಸಲಾಮ್ ಹೊಡೀತದೇನ್ಲಾ?”

ಅಪ್ಪ ಅಲ್ಲಿ ನಕ್ಕುಬಂದ. ಮನೆಯಲ್ಲಿ ಮಾತ್ರ, “ಮಂದೆ ಕಾಯೋ ನಾಯಿ ಕುಂಟ್ತಾ ಕೂತ್ರೆ ಚಿರತೆಗೇ ಊಟ ಆಯ್ತದೆ. ಈ ಸಲ ಸರಿಹೋಗ್ನಿಲ್ಲ ಅಂದ್ರೆ ತ್ವಾಟದ ಮನೆಗೇ ವಾಪಸ್ ಬುಟ್ಬತ್ತೀನಿ” ಎಂದ. ಅವತ್ತು ರಾತ್ರಿ ನಾನು ಭೈರನ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ.

ಮಾರನೇ ದಿನ ಅಪ್ಪ ಹೇಳಿಕಳಿಸಿದ್ದಕ್ಕೆ ಮಾದಜ್ಜ ಬಂದ. ಊರಿನ ದನ ಕುರಿಗಳಿಗೆ ಕಾಲು ನೋವು, ಹೊಟ್ಟೆ ಉಬ್ಬರ ಏನೇ ಆದರೂ ಕಬ್ಬಿಣ ಕಾಯಿಸಿ ಬರೆ ಹಾಕುತ್ತಿದ್ದವನು ಅವನೇ. ಒಳ್ಳೆಯ ಮನುಷ್ಯ. ಬರೆ ಹಾಕುವ ಮುಂಚೆ ದೇವರ ಹೆಸರು ಹೇಳಿ ಕೈ ಮುಗಿಯುತ್ತಿದ್ದ. ಒಲೆಯಲ್ಲಿ ಸಲಾಕೆ ಇಟ್ಟು ನನ್ನ ಕಡೆ ತಿರುಗಿದ.

“ಹಗಲೆಲ್ಲ ಅದ್ರ ಜೊತೆ ಇರೋಳು ನೀನೇ. ನೋಡಿ ಯೋಳು ಮಗ, ಯಾವಾಗ್ಲೂ ಇದೇ ಕಾಲಾ?”

ನನಗೆ ಎಡಗಾಲಿನ ವಿಷಯ ಗೊತ್ತಿತ್ತು. ಹೇಳಿದರೆ ಯಾವಾಗ, ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಮಾತು ಮೆದೆಗೆ ಬರುತ್ತದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು.

“ಹೂಂ ಅಜ್ಜ. ಇದೇ ಕಾಲು” ಎಂದೆ.

ಅಪ್ಪ ಭೈರನ ಕತ್ತನ್ನು ಎದೆಗೆ ಒತ್ತಿ ಹಿಡಿದುಕೊಂಡ. ನಾನು ಕಣ್ಣು ಮುಚ್ಚಿದ್ದೆ. ಆದರೆ ಕೂದಲು ಸುಟ್ಟ ವಾಸನೆಗೆ ಕಣ್ಣು ಬೇಡವಲ್ಲ. ಆ ಕೂಗನ್ನು ನಾನು ಬರೆಯಲಾರೆ. ಕಣ್ಣು ಬಿಟ್ಟಾಗ ಭೈರ ಅಪ್ಪನ ಮುಖವನ್ನೇ ನೋಡುತ್ತಿದ್ದ.

ಐದು ದಿನಕ್ಕೆ ಬಲಗಾಲು ಊರಿದ. “ನೋಡಿದ್ಯಾ, ಬರೆ ಹಿಡೀತು” ಎಂದು ಅಪ್ಪ ಖುಷಿಪಟ್ಟ. ಅದಾದ ಮೂರನೇ ದಿನ ಭೈರ ಹಿಂದಿನ ಎಡಗಾಲು ಎತ್ತಿಕೊಂಡು ಅಂಗಳಕ್ಕೆ ಬಂದ. ಅಪ್ಪ ಕೂತಲ್ಲೇ ಕೂತುಬಿಟ್ಟ.

ಆ ವಾರವೇ ಕುರಿಗಳಿಗೆ ಇಂಜೆಕ್ಷನ್ ಹಾಕಲು ಪಶು ಆಸ್ಪತ್ರೆಯ ಡಾಕ್ಟರು ಬಂದಿದ್ದರು. ಅಜ್ಜಿ ಸಂಕೋಚದಿಂದಲೇ, “ಸ್ವಾಮಿ, ತಪ್ಪು ತಿಳೀಬ್ಯಾಡಿ, ಈ ನಾಯೀನೂ ಒಸಿ ನೋಡಿ” ಎಂದಳು. ಡಾಕ್ಟರು ನಗಲಿಲ್ಲ. ಮಂಡಿಯೂರಿ ಕೂತು ಭೈರನ ಕೀಲು ಕೀಲು ಮಡಿಸಿ ನೋಡಿದರು, ಸೊಂಟ ಅಲುಗಿಸಿ ನೋಡಿದರು. ಅಲ್ಲೆಲ್ಲ ಸುಮ್ಮನಿದ್ದ ಭೈರ, ಮೂಳೆಯ ನಡುಮಧ್ಯ ಒತ್ತಿದಾಗ ಕುಂಯ್ ಎಂದ.

“ಮುಳ್ಳಾದ್ರೆ ಪಾದದಲ್ಲಿ ಗೊತ್ತಾಗುತ್ತೆ. ಉಳುಕಾದ್ರೆ ಒಂದೇ ಕಾಲು. ಸೊಂಟದ ಕೀಲು ಸಡಿಲ ಇದ್ರೆ ಹಿಂದಿನ ಕಾಲು. ಇದು ಕಾಲು ಬದಲಾಯಿಸ್ತಾ ಇದೆಯಾ?”

“ಇಲ್ಲ ಸ್ವಾಮಿ, ಬಲಗಾಲೇ ಇತ್ತು. ಬರೆ ಹಾಕಿದ್ಮ್ಯಾಲೆ ಹಿಂದಕ್ಕೋಯ್ತು” ಎಂದ ಅಪ್ಪ.

ಅಷ್ಟು ದಿನ ಕಟ್ಟಿಕೊಂಡಿದ್ದು ಆಗ ಒಡೆಯಿತು. “ಮೊದ್ಲು ಎಡಗಾಲು ಕುಂಟ್ತಿದ್ದ” ಎಂದು ಅಳುತ್ತಾ ಹೇಳಿದೆ. ಮೆದೆಯ ವಿಷಯವೂ ಬಂತು.

“ನಿನ್ನಿಂದ ಆಗಿದ್ದಲ್ಲ ಪುಟ್ಟಿ” ಎಂದರು ಡಾಕ್ಟರು. “ದೊಡ್ಡ ಜಾತಿ ಮರಿಗಳು ಬೇಗ ಬೇಗ ಬೆಳೆಯುವಾಗ ಮೂಳೆ ಒಳಗೇ ಹೀಗೆ ನೋವು ಬರುತ್ತೆ. ಇವತ್ತು ಈ ಕಾಲು, ನಾಳೆ ಆ ಕಾಲು. ವರ್ಷ ಒಂದೂವರೆ ವರ್ಷದ ವಯಸ್ಸಿಗೆ ತಾನೇ ಹೋಗುತ್ತೆ. ನೋವಿಗೆ ಮಾತ್ರೆ ಕೊಡ್ತೀನಿ. ಅಷ್ಟೊಂದು ತುರುಕಬೇಡಿ, ಎತ್ತರದಿಂದ ಹಾರಿಸಬೇಡಿ. ಬರೆ ಮಾತ್ರ ಬೇಕಿರಲಿಲ್ಲ.”

ಅವರು ಹೋದ ಮೇಲೆ ಅಪ್ಪ ನನ್ನನ್ನು ಹೊಡೆಯುತ್ತಾನೆ ಎಂದು ಕಾದೆ. ಹೊಡೆಯಲಿಲ್ಲ. “ಮೆದೆ ಹೋದ್ರೆ ಹೋಗ್ಲಿ ಕಣ್ ಮಗ. ಒಂದ್ ಮಾತ್ ಅಂದಿದ್ರೆ ಬೆಂಕಿ ತಪ್ತಿತ್ತು” ಎಂದ, ಅಷ್ಟೇ. ಮಾದಜ್ಜ ವಿಚಾರಿಸಲು ಬಂದಾಗ, “ನಂದೇ ತೆಪ್ಪು ಕಣಜ್ಜ, ಆತುರ ಬಿದ್ಬುಟ್ಟೆ” ಎಂದುಬಿಟ್ಟ. ನನ್ನ ಹೆಸರು ಎತ್ತಲಿಲ್ಲ.

ಯುಗಾದಿ ಕಳೆದು ಮಳೆ ಬೀಳುವ ಹೊತ್ತಿಗೆ ಭೈರ ನಾಲ್ಕೂ ಕಾಲಲ್ಲಿ ಓಡಿದ. ಗಾಯ ಕೀವಾಗಲಿಲ್ಲ, ತೋಟದ ಮನೆಗೆ ವಾಪಸ್ಸು ಹೋಗಲಿಲ್ಲ. ಇವೆಲ್ಲ ಮಾದಪ್ಪ ಕೊಟ್ಟದ್ದೇ, ಇಲ್ಲವೆನ್ನಲಾರೆ. ಆದರೆ ಅಪ್ಪನ ಕೈಗೆ ಮಾತ್ರ ಅವನು ಮತ್ತೆ ಬರಲಿಲ್ಲ. ಅಪ್ಪ ಮುದ್ದೆಯ ತುತ್ತು ಹಿಡಿದು ಕರೆದರೆ ಮಾರು ದೂರದಲ್ಲಿ ನಿಲ್ಲುತ್ತಿದ್ದ. ನೆಲಕ್ಕಿಟ್ಟು ಅಪ್ಪ ಎದ್ದುಹೋದ ಮೇಲೆ ತಿನ್ನುತ್ತಿದ್ದ. ನನ್ನ ತೊಡೆಯ ಮೇಲೋ, ಓಡಿಬಂದು ತಲೆಯಿಟ್ಟು ಮಲಗುತ್ತಿದ್ದ. ಹಿಡಿದ ಕೈ ಅವನಿಗೆ ನೆನಪಿತ್ತು, ಸುಳ್ಳು ಹೇಳಿದ ಬಾಯಿ ಗೊತ್ತಿರಲಿಲ್ಲ.

ಈಗ ನಾನು ಕನಕಪುರದಲ್ಲಿದ್ದೇನೆ. ಹೋದ ತಿಂಗಳು ಪಕ್ಕದ ಮನೆಯವರ ದೊಡ್ಡ ಮರಿ ಕುಂಟಿದಾಗ ಅವರು ಅವತ್ತೇ ಎಕ್ಸ್‌ರೇ ತೆಗೆಸಿಕೊಂಡು ಬಂದರು. ನೋಡಿ ಸಂತೋಷವಾಯಿತು. ಊರಲ್ಲಿ ಕುರಿ ಹಟ್ಟಿ ಇಲ್ಲ, ಬರೆ ಹಾಕುವವರೂ ಇಲ್ಲ. ಭೈರ ಹೋಗಿ ಎಷ್ಟೋ ವರ್ಷವಾಯಿತು, ಅಪ್ಪ ಹೋಗಿ ಆರು ವರ್ಷ. ದೀಪ ಹಚ್ಚುವಾಗ ಇದೆಲ್ಲ ನೆನಪಾಗುತ್ತದೆ. ನಾಯಿಯ ಹತ್ತಿರ ಮಾತಾಡಲು ಬರುವುದಿಲ್ಲ, ಸರಿ. ಅಪ್ಪ ಅಷ್ಟು ವರ್ಷ ಎದುರಿಗೇ ಇದ್ದ. ತುತ್ತು ನೆಲಕ್ಕಿಟ್ಟು ಎದ್ದುಹೋಗುವುದನ್ನು ದಿನಾ ನೋಡುತ್ತಿದ್ದೆ. ತಪ್ಪಾಯಿತಪ್ಪ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆ ಮಾತನ್ನೂ ನಾನು ಆಡಲಿಲ್ಲ.