ಮಂಡಿಯೂರಿ ತೆಗೆದ ಅಳತೆ

ಶಾಲೆಯ ಮಕ್ಕಳು ಅವಳನ್ನು ಇರುವೆ ಮಿಸ್ ಎಂದು ಕರೆಯುತ್ತಿದ್ದರು. ಆಳು ಕುಳ್ಳು, ನಡಿಗೆ ಚುರುಕು, ಕೈಯಲ್ಲಿ ಯಾವಾಗಲೂ ತನ್ನ ಮೈಗೆ ಮೀರಿದ ಹೊರೆ. ದೊಡ್ಡವರಿಗೆ ಹದಿನೇಳು ವರ್ಷದಲ್ಲಿ ಇಷ್ಟು ಒಳ್ಳೆಯ ಹೆಸರೂ ಹೊಳೆದಿರಲಿಲ್ಲ. ಅವರು ‘ಲೈಬ್ರರಿಯವರು’ ಎನ್ನುತ್ತಿದ್ದರು, ಬಾಗಿಲ ಬೀಗದ ಬಗ್ಗೆ ಮಾತಾಡುವ ಹಾಗೆ.

ಪ್ರಾಥಮಿಕ ಶಾಲೆಯ ನೆಲಮಹಡಿಯ ಕೊನೆಯ ಕೋಣೆ ಅವಳದು. ಆರು ತಗ್ಗು ಕಪಾಟುಗಳು, ಕಿಟಕಿಯ ಪಕ್ಕ ಹರಿದ ಪುಸ್ತಕಗಳಿಗೆ ಅಂಟು ಹಾಕುವ ಮೇಜು, ಬಾಗಿಲ ಬಳಿ ವಾಪಸು ಬಂದ ಪುಸ್ತಕಗಳ ಬುಟ್ಟಿ. ಮಕ್ಕಳು ಹೇಗೆ ಕೇಳುತ್ತಾರೋ ಹಾಗೆಯೇ ಅವಳು ಪುಸ್ತಕ ಜೋಡಿಸಿದ್ದಳು: ನಗು ಬರುವುದು, ಹೆದರಿಕೆ ಆಗುವುದು, ಪ್ರಾಣಿ ಇರುವುದು, ಯಂತ್ರ ಇರುವುದು. ಟೀಚರುಗಳಿಗೆ ಬೇರೆ ಪೆಟ್ಟಿಗೆಗಳು. ನೀರಿನ ಪಾಠವಿದ್ದರೆ ನೀರಿನ ಪೆಟ್ಟಿಗೆ ಎತ್ತಿಕೊಂಡು ಹೋದರಾಯಿತು.

ನಿಯಮ ಮಾತ್ರ ಒಂದೇ. ಪುಸ್ತಕವನ್ನು ಮಗುವಿನ ಕೈಯೇ ತೆಗೆಯಬೇಕು. ಮಗು ಎಷ್ಟೇ ಗೋಗರೆದರೂ ಅವಳು ತೆಗೆದು ಕೊಡುತ್ತಿರಲಿಲ್ಲ. ಬೇಕಾದ್ದನ್ನು ಇನ್ನೊಬ್ಬರು ಕೈಗಿಡುತ್ತಾ ಹೋದರೆ ಮನುಷ್ಯ ಏನಾಗುತ್ತಾನೆ ಎಂಬುದಕ್ಕೆ ಅವಳ ಮನೆಯಲ್ಲೇ ಒಂದು ಮಾದರಿ ಇತ್ತು. ಗಂಡ ಸಾರಿಗೆ ಕಚೇರಿಯ ಗುಮಾಸ್ತ. ಮೂರು ಸಾವಿರ ಕಡತಗಳ ನಡುವಿನಿಂದ ಬೇಕಾದ ಕಡತವನ್ನು ಕಣ್ಣುಮುಚ್ಚಿ ಎಳೆಯಬಲ್ಲ ಎಂದು ಅಲ್ಲಿ ಅವನಿಗೆ ಹೆಸರು. ಮನೆಯಲ್ಲಿ, ಇಪ್ಪತ್ತಾರು ವರ್ಷದಿಂದ ಒಂದೇ ಕಪಾಟಿನ ಒಂದೇ ಖಾನೆಯಲ್ಲಿರುವ ಬನಿಯನ್ ಅವನಿಗೆ ಸಿಕ್ಕಿದ್ದಿಲ್ಲ. ಬೆಳಿಗ್ಗೆ ಐದಕ್ಕೆದ್ದು ಅಡುಗೆ, ಬಟ್ಟೆ, ನೆಲ ಮುಗಿಸಿ ಅವಳು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಕೂಗು ಬರುತ್ತಿತ್ತು: “ಏ, ಎಲ್ಲಿಟ್ಟಿದ್ದೀಯೇ?” ಊಟಕ್ಕೆ ಏನು ಮಾಡಲಿ ಎಂದರೆ, “ಏನಾದ್ರೂ ಮಾಡು.” ಅದನ್ನು ಅವನು ತನ್ನ ಔದಾರ್ಯ ಎಂದುಕೊಂಡಿದ್ದ.

ಆ ವರ್ಷ ಹಳೆಯ ವಿದ್ಯಾರ್ಥಿಗಳ ಸಂಘದವರಿಗೆ ತಾವು ಓದಿದ ಶಾಲೆಯ ನೆನಪಾಯಿತು. ಓದಿದ್ದು ಎಷ್ಟು ಎಂಬುದು ಬೇರೆ ಮಾತು. ಲೈಬ್ರರಿಗೆ ಹೊಸ ರೂಪ ಕೊಡುವುದು ಎಂದು ತೀರ್ಮಾನವಾಗಿ ಒಂದು ಸಮಿತಿ ಹುಟ್ಟಿತು. ಹೆಡ್ ಮಾಸ್ಟರ್, ಸಂಘದ ಅಧ್ಯಕ್ಷರು, ಹೋಟೆಲುಗಳ ಒಳಾಂಗಣ ಮಾಡುವ ಒಬ್ಬ ಡಿಸೈನರ್. ಮೂವರಲ್ಲಿ ಯಾರೂ ಆ ಕೋಣೆಯಲ್ಲಿ ಒಂದು ಪೀರಿಯಡ್ ಕೂತವರಲ್ಲ.

“ನೀವು ಇದ್ದೇ ಇರ್ತೀರಲ್ಲ ಮೇಡಂ, ಸಮಿತಿ ಗಿಮಿತಿ ಅಂತ ನಿಮಗ್ಯಾಕೆ ತೊಂದ್ರೆ?” ಎಂದರು ಹೆಡ್ ಮಾಸ್ಟರ್.

ಆದರೂ ಅವಳು ಸುಮ್ಮನಿರಲಿಲ್ಲ. ರಜೆ ಶುರುವಾಗುವ ಮೊದಲೇ ಒಂದನೇ ತರಗತಿ ಟೀಚರನ್ನು ಜೊತೆಗೆ ಕರೆದುಕೊಂಡು, ಎಲ್ಲ ತರಗತಿಗಳಿಂದ ಆರಿಸಿ ನಲವತ್ತೆರಡು ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಕೈ ಮೇಲೆತ್ತಿಸಿ, ಬೆರಳ ತುದಿಗೆ ಸೀಮೆಸುಣ್ಣದ ಗೆರೆ ಎಳೆದು ಅಳತೆ ತೆಗೆದಳು. ಯಾವ ತರಗತಿಗೆ ಯಾವ ಎತ್ತರ ಎಂದು ನಕ್ಷೆ ಬರೆದು ಕೊಟ್ಟಳು. “ಅಕ್ಷರ ಮುದ್ದಾಗಿದೆ” ಎಂದು ಮೆಚ್ಚಿ ಹೆಡ್ ಮಾಸ್ಟರ್ ಅದನ್ನು ಟೀ ಲೋಟದ ಕೆಳಗಿಟ್ಟುಕೊಂಡರು.

ರಜೆಯಲ್ಲಿ ನಾಲ್ಕು ಸಾವಿರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ಅವಳೊಬ್ಬಳದೇ ಆಯಿತು. ಅದಕ್ಕೆ ಸಮಿತಿ ಬೇಕಾಗಲಿಲ್ಲ. ಹಾಗೆ ತುಂಬುತ್ತಿದ್ದಾಗಲೇ ಡಿಸೈನರ್ ಟೇಪು ಹಿಡಿದು ಹೆಡ್ ಮಾಸ್ಟರ್, ಅಧ್ಯಕ್ಷರ ಜೊತೆ ಬಂದ.

“ಸರ್, ಮಕ್ಕಳಿಗೆ ಎಷ್ಟು ಎತ್ತರ ಎಟುಕುತ್ತೆ?”

ಶಾಲೆಯಲ್ಲಿ ಒಂದು ಮಗುವೂ ಇರಲಿಲ್ಲ. ಹೆಡ್ ಮಾಸ್ಟರ್ ಆರಡಿ ಆಳು. ಒಂದು ಕ್ಷಣ ಗಹನವಾಗಿ ಯೋಚಿಸಿದರು. ಆಮೇಲೆ ನೆಲದ ಮೇಲೆ ಕರವಸ್ತ್ರ ಹಾಸಿ, ಪ್ಯಾಂಟು ಎಳೆದುಕೊಂಡು ಮಂಡಿಯೂರಿ, ಬಲಗೈ ಮೇಲೆತ್ತಿದರು.

“ಈಗ ನಾನು ಮಗು. ಹಾಕಿ ಗುರುತು.”

ಡಿಸೈನರ್ ಗುರುತು ಹಾಕಿದ. ಅಧ್ಯಕ್ಷರು ಫೋಟೊ ತೆಗೆದರು.

“ಸರ್, ಅಳತೆ ಕೊಟ್ಟಿದ್ದೆನಲ್ಲ” ಎಂದಳು ಅವಳು, ಪೆಟ್ಟಿಗೆಗಳ ನಡುವಿನಿಂದ. “ಒಂದನೇ ತರಗತಿ ಮಗು ನಿಂತ್ರೆ ನಿಮ್ಮ ಈಗಿನ ಕಿವಿಗೂ ಬರಲ್ಲ.”

“ಮೇಡಂ, ನಾನೂ ಮಗುವಾಗಿದ್ದವನೇ.”

“ಈ ಮೈಯಲ್ಲಿ ಅಲ್ವಲ್ಲ ಸರ್.”

ಡಿಸೈನರ್ ಕಿಸಕ್ಕನೆ ನಕ್ಕ. ಹೆಡ್ ಮಾಸ್ಟರ್ ನಗಲಿಲ್ಲ. “ಧೂಳು ಏಳ್ತಿದೆ, ನೀವು ಆ ಪೆಟ್ಟಿಗೆ ನೋಡ್ಕೊಳ್ಳಿ” ಎಂದು ಏಳಲು ಹೋದರು. ಮಂಡಿ ಹಿಡಿದುಕೊಂಡಿತ್ತು. ಇಬ್ಬರು ಎಬ್ಬಿಸಬೇಕಾಯಿತು.

ಶಾಲೆ ತೆರೆದಾಗ ಲೈಬ್ರರಿ ಥಳಥಳ ಹೊಳೆಯುತ್ತಿತ್ತು. ಕೆಳಗಿನ ನಾಲ್ಕು ಅಡಿಯಲ್ಲಿ ದಿಂಬು ಹಾಕಿದ ಗೂಡುಗಳು. ಅದರ ಮೇಲೆ ಪುಸ್ತಕದ ಮೂರು ಸಾಲುಗಳು, ಮಂಡಿಯೂರಿದ ಹೆಡ್ ಮಾಸ್ಟರರ ಬೆರಳ ತುದಿಯವರೆಗೆ. ಡಿಸೈನರ್ ಪುಸ್ತಕಗಳನ್ನು ಅವುಗಳ ಬೆನ್ನಿನ ಬಣ್ಣ ನೋಡಿ ಜೋಡಿಸಿದ್ದ. ಕೆಂಪೆಲ್ಲ ಒಂದು ಕಡೆ, ಹಸಿರೆಲ್ಲ ಒಂದು ಕಡೆ. ಟೀಚರುಗಳ ಪೆಟ್ಟಿಗೆಗಳು ಅಂದಗೆಡಿಸುತ್ತವೆಂದು ಅವನ್ನೂ ಬಿಚ್ಚಿ ಬಣ್ಣಬಣ್ಣದಲ್ಲಿ ಕಲಸಿಬಿಟ್ಟಿದ್ದ.

“ನಾಳೆ ನೀರಿನ ಪಾಠ ಇದೆ. ಪುಸ್ತಕ ಎಲ್ಲಿ, ಇರುವೆ?” ಎಂದು ಒಂದನೇ ತರಗತಿ ಟೀಚರ್ ಕೇಳಿದಳು. ಸಲಿಗೆಯಿಂದ ಅವಳೂ ಹಾಗೇ ಕರೆಯುವುದು.

“ಯಾವ ಬಣ್ಣದ ನೀರು ಬೇಕು ಹೇಳು.”

“ನೀರು ಅಂದ್ರೆ ನೀಲಿ ಅಲ್ವಾ?” ಎಂದ, ಫೋಟೊಗೆಂದು ದಿಂಬು ತಟ್ಟುತ್ತಿದ್ದ ಡಿಸೈನರ್. ಅವನು ತಮಾಷೆ ಮಾಡಿರಲಿಲ್ಲ.

ಮೊದಲ ಪೀರಿಯಡ್ಡಿಗೆ ಇಪ್ಪತ್ತೆಂಟು ಪುಟಾಣಿಗಳು ಬಂದರು. ಗೂಡುಗಳಲ್ಲಿ ಹೊರಳಾಡಿದರು, ದಿಂಬು ಎಸೆದಾಡಿದರು, ಆಮೇಲೆ ಕತ್ತೆತ್ತಿ ಬೆರಳು ತೋರಿಸಿದರು. “ಮಿಸ್, ಅದು ತೆಗೆದುಕೊಡಿ.” “ಮಿಸ್, ಅದಲ್ಲ, ಅದರ ಪಕ್ಕದ್ದು.” ಕೆಳಗಿನ ಸಾಲು ಕೂಡ ಉದ್ದ ಕೈಯವರ ಬೆರಳಿಗೆ ತಾಗುತ್ತಿತ್ತು, ಅಷ್ಟೇ. ಇರುವೆ ಮಿಸ್‌ಗೇ ಮೇಲಿನ ಸಾಲಿಗೆ ಸ್ಟೂಲು ಬೇಕು. ಹತ್ತಿದಳು, ಇಳಿದಳು, ಹತ್ತಿದಳು. ದಿನಕ್ಕೆ ಐದು ತರಗತಿ. ವಾರ ಕಳೆಯುವಷ್ಟರಲ್ಲಿ ಬಲಭುಜ ಬಾತುಕೊಂಡಿತು.

ಭುಜವನ್ನಾದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಹೆಂಗಸರ ಭುಜಗಳನ್ನು ಇಂಥದ್ದಕ್ಕೇ ಮಾಡಿದ್ದು ಎಂದು ಈ ಜಗತ್ತು ನಂಬಿರುವಾಗ ಒಂದು ಭುಜದ ದೂರು ಯಾರಿಗೆ ಬೇಕು? ಆದರೆ ಎರಡನೇ ವಾರ ಮಕ್ಕಳು ಬೆರಳು ತೋರಿಸುವುದನ್ನೇ ಬಿಟ್ಟರು. ಸಾಲಾಗಿ ನಿಂತು ಕೈ ಚಾಚಿದರು. ಯಾವುದು ಬೇಕು ಪುಟ್ಟಾ ಎಂದರೆ, ಹಲ್ಲು ಬಿದ್ದ ಒಂದು ಬಾಯಿ ಹೇಳಿತು, “ಯಾವುದಾದ್ರೂ ಕೊಡಿ ಮಿಸ್.”

ಅವಳು ಸ್ಟೂಲಿನಿಂದ ಇಳಿದು ನೇರ ಹೆಡ್ ಮಾಸ್ಟರ್ ಕೋಣೆಗೆ ಹೋದಳು.

“ಸರ್, ಹಲಗೆ ಇಳಿಸಬೇಕು. ಮಕ್ಕಳು ಆರಿಸೋದನ್ನೇ ಮರೀತಿದ್ದಾರೆ.”

“ತೆಗೆದುಕೊಡೋದಕ್ಕೇ ತಾನೇ ನೀವಿರೋದು? ಮನೇಲಿ ಬಡಿಸಲ್ವಾ, ಹಾಗೇ ಅಂದ್ಕೊಳ್ಳಿ. ಮಕ್ಕಳಿಗೂ ಖುಷಿ.”

ಅವಳು ಅಲ್ಲೇ ನಿಂತು ರಜೆ ಚೀಟಿ ಬರೆದಳು: ಭುಜ ನೋವು. ಹಲಗೆ ಇಳಿಯುವವರೆಗೆ ರಜೆ. ಹದಿನೇಳು ವರ್ಷದಲ್ಲಿ ಕೂಡಿಬಿದ್ದಿದ್ದ ರಜೆ ಬೇಕಾದಷ್ಟಿತ್ತು. ಚೀಟಿ ಓದಿದ ಹೆಡ್ ಮಾಸ್ಟರ್ ನಕ್ಕರು. ಪುಸ್ತಕ ತೆಗೆದುಕೊಡುವುದೂ ಒಂದು ಕೆಲಸವೇ?

ಸುದ್ದಿ ಕೇಳಿ ಗಂಡನ ಮುಖ ಅರಳಿತು. “ಒಳ್ಳೇದಾಯ್ತು ಬಿಡು, ಮನೇಲಿರ್ತೀಯ. ಆ ಅಟ್ಟ ಒಂದು ಕ್ಲೀನ್ ಮಾಡ್ಬಿಡು.”

“ಭುಜ ನೋವು ಕಣ್ರೀ.”

“ಎಡಗೈ ಇದೆಯಲ್ಲ!”

ಅವಳು ಎಡಗೈಯಲ್ಲೇ ಚೀಲ ತುಂಬಿಕೊಂಡು ಅಕ್ಕನ ಮನೆಗೆ ಹೊರಟಳು. ಅಕ್ಕ ಬಟ್ಟೆ ಹೊಲಿಯುವವಳು, ಗಂಡ ಸತ್ತು ಒಂಬತ್ತು ವರ್ಷವಾಗಿ ಮೈ ಕೈ ತುಂಬಿಕೊಂಡಿದ್ದವಳು. ತಂಗಿಯನ್ನು ಮಂಚದ ಮೇಲೆ ಕೂರಿಸಿ ಭುಜಕ್ಕೆ ಬಿಸಿನೀರ ಚೀಲ ಇಟ್ಟಳು.

“ಕೆಲಸ ಹೋದ್ರೆ ಏನೇ ಮಾಡ್ತೀಯ?”

“ಗೊತ್ತಿಲ್ಲ ಅಕ್ಕ. ಆ ಮಕ್ಕಳನ್ನೂ ನಮ್ಮನೆಯವರ ಥರ ಮಾಡಿ ಕಳ್ಸೋದಾದ್ರೆ ಆ ಕೆಲಸ ನನಗೆ ಬೇಡ.”

“ನಿನ್ನ ಗಂಡನ್ನ ಹಾಗೆ ಮಾಡಿದ್ದು ಯಾರು?”

“ಅರ್ಧ ಅವರಮ್ಮ.”

“ಇನ್ನರ್ಧ?”

ಅವಳು ಬಿಸಿನೀರ ಚೀಲವನ್ನು ಸರಿಮಾಡಿಕೊಂಡಳು. “ಅದನ್ನೇ ನಾನೂ ಹೇಳ್ತಿರೋದು, ಮಲಗು” ಎಂದು ಅಕ್ಕ ಮಷಿನ್ ತುಳಿಯತೊಡಗಿದಳು.

ಲೈಬ್ರರಿ ಪೀರಿಯಡ್ಡನ್ನು ಹೆಡ್ ಮಾಸ್ಟರ್ ತಾವೇ ವಹಿಸಿಕೊಂಡರು. ಒಂದನೇ ತರಗತಿ ಟೀಚರ್ ದಿನಾ ಸಂಜೆ ಫೋನ್ ಮಾಡಿ ವರದಿ ಒಪ್ಪಿಸಿದಳು. ಮೊದಲ ದಿನ: “ಅರವತ್ತು ಸಲ ಕೈ ಎತ್ತಿದಾರೆ ಕಣೇ. ಈಗ ಕುರ್ಚಿಗೆ ಒರಗಿ ನರಳ್ತಿದಾರೆ.” ಎರಡನೇ ದಿನ: “ಮಕ್ಕಳೇ ಹತ್ತಿ ತಗೊಳ್ಲಿ ಅಂತ ಏಣಿ ತರ್ಸಿದ್ರು. ಈಗ ಯಾರಿಗೂ ಪುಸ್ತಕ ಬೇಡ, ಏಣಿ ಬೇಕು.” ನಾಲ್ಕನೇ ದಿನ: “ನಿಂಗೆ ಅಲ್ಲಿ ಇಷ್ಟೊಂದು ಕೆಲಸ ಇತ್ತಾ ಅಂತ ನನ್ನ ಕೇಳಿದ್ರು. ನಾನು ನೀರು ಕುಡಿಯೋಕೆ ಎದ್ದುಹೋದೆ, ನಗು ತಡೆಯೋಕಾಗ್ಲಿಲ್ಲ.”

ಆರನೇ ದಿನ ಹೆಡ್ ಮಾಸ್ಟರೇ ಫೋನ್ ಮಾಡಿದರು.

“ಮೇಡಂ, ಭುಜ ಹೇಗಿದೆ?”

“ನಿಮ್ಮದು ಹೇಗಿದೆ ಸರ್?”

“ಎಷ್ಟು ಇಳಿಸಬೇಕು?”

“ಗೂಡು ತೆಗೆದು ನೆಲದಿಂದ ಶುರು ಮಾಡಿ. ಅಳತೆ ಚೀಟಿಯ ಇನ್ನೊಂದು ಪ್ರತಿ ಒಂದನೇ ತರಗತಿ ಟೀಚರ್ ಹತ್ರ ಇದೆ. ನಿಮ್ಮ ಚೀಟಿ ಮೇಲೆ ಟೀ ಚೆಲ್ಲಿರುತ್ತೆ.”

“ಡಿಸೈನ್ ಹಾಳಾಗುತ್ತಲ್ಲ ಮೇಡಂ.”

“ಆಗ್ಲಿ ಸರ್. ಬಣ್ಣಗಳನ್ನ ನಾನೇ ಬಂದು ಕೆಡಿಸ್ತೀನಿ.”

ಬಡಗಿ ಎರಡು ದಿನದಲ್ಲಿ ಕೆಲಸ ಮುಗಿಸಿದ. ನಕ್ಷೆ ನೋಡಿ, “ಇದನ್ನ ಮೊದಲೇ ಕೊಟ್ಟಿದ್ರೆ ಒಂದೇ ಸಲಕ್ಕೆ ಆಗ್ತಿತ್ತಲ್ಲ” ಎಂದನಂತೆ. ಪ್ರಾರ್ಥನೆಯ ಸಾಲಿನಲ್ಲಿ ಹೆಡ್ ಮಾಸ್ಟರ್, ತಮ್ಮ ಮಾರ್ಗದರ್ಶನದಲ್ಲಿ ಲೈಬ್ರರಿಯ ಎರಡನೇ ಹಂತದ ವಿನ್ಯಾಸ ಪೂರ್ಣಗೊಂಡಿದೆ ಎಂದು ಘೋಷಿಸಿ, ಸಹಕರಿಸಿದ ಸಿಬ್ಬಂದಿಗೆ ವಂದನೆ ಹೇಳಿದರು. ಒಂದನೇ ತರಗತಿ ಟೀಚರ್ ಹಲ್ಲು ಕಡಿದಳು. ಇರುವೆ ಮಿಸ್‌ಗೆ ಕೇಳಿಸಲೇ ಇಲ್ಲ. ಅವಳು ಒಳಗೆ ಕೆಂಪು ಸಾಲನ್ನು ಒಡೆಯುತ್ತಿದ್ದಳು.

ಮುಂದಿನ ಸೋಮವಾರ ಒಂದನೇ ತರಗತಿಯವರು ಬಂದರು. ಮೊದಮೊದಲು ಅಭ್ಯಾಸಬಲದಿಂದ ಸಾಲು ನಿಂತು ಕೈ ಚಾಚಿದರು. ಅವಳು ಕಿಟಕಿಯ ಮೇಜಿನಿಂದ ಏಳಲಿಲ್ಲ, ಅಂಟು ಹಚ್ಚುತ್ತಾ ಕೂತಳು. ಸಾಲು ನಿಧಾನವಾಗಿ ಕರಗಿತು. ಒಬ್ಬಳು ಮಾತ್ರ ಪ್ರಾಣಿಗಳ ಕಪಾಟಿನ ಮುಂದೆ ಒಂದೊಂದನ್ನೇ ತೆಗೆದು, ಬಿಚ್ಚಿ, ತಿರುಗಿ ಇಡುತ್ತಾ ಇಡೀ ಪೀರಿಯಡ್ ನಿಂತೇ ಇದ್ದಳು. ಗಂಟೆ ಹೊಡೆಯಿತು.

“ಬೇಗ ಒಂದು ತಗೊಳ್ಳೇ, ಯಾವುದಾದ್ರೂ” ಎಂದಳು ಟೀಚರ್.

“ಇವತ್ತು ಯಾವುದೂ ಬೇಡ ಮಿಸ್. ಇವು ಒಂದೂ ಚೆನ್ನಾಗಿಲ್ಲ” ಎಂದು ಹುಡುಗಿ ಬರಿಗೈ ಬೀಸಿಕೊಂಡು ಹೊರಟುಹೋದಳು.

ಇರುವೆ ಮಿಸ್ ಆ ಕಪಾಟಿನ ಮುಂದೆ ಹೋಗಿ ನಿಂತಳು. ಮಗು ಹೇಳಿದ್ದು ಸರಿಯಿತ್ತು. ಹೊಸ ಪುಸ್ತಕಗಳ ಬೇಡಿಕೆ ಪಟ್ಟಿ ಬರೆಯಲು ಒಂದು ಹಾಳೆ ಎಳೆದುಕೊಂಡಳು.