ರುದ್ರಪ್ಪ ಮಾವ ಮತ್ತು ನಮ್ಮ ಮನೆಯ ರೌಟರು

ಕಡಲೆಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಬಲಿತಿದೆಯೋ ಇಲ್ಲವೋ ಹೇಳುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಕೆಟ್ಟುಹೋದ ವೈಫೈ ರೌಟರನ್ನು ಹಾಗೆ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದವರು ನಾನು ಕಂಡಂತೆ ರುದ್ರಪ್ಪ ಮಾವ ಒಬ್ಬರೇ. ಅಲ್ಲಾಡಿಸಿದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ, "ಜೀವ ಐತೆ" ಎನ್ನುತ್ತಿದ್ದರು. ಜೀವ ಇಲ್ಲ ಎಂದದ್ದನ್ನು ನಾನು ಯಾವತ್ತೂ ಕೇಳಲಿಲ್ಲ. ಅಲ್ಲಾಡಿಸಿದರೆ ಏನು ತಿಳಿಯುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಏನೂ ತಿಳಿಯಾಕಿಲ್ಲ ಕಣ್ಲಾ. ನೋಡ್ತಾ ಕುಂತಿರೋರಿಗೆ ಧೈರ್ಯ ಬತ್ತದೆ, ಅಷ್ಟೇಯ."

ಅವರು ನನ್ನ ಅಮ್ಮನ ತಮ್ಮ. ನನ್ನ ಒಡಹುಟ್ಟಿದ ಗಿರಿಜಕ್ಕನನ್ನೇ ಮದುವೆಯಾಗಿದ್ದರಿಂದ ನನಗೆ ಮಾವನೂ ಅವರೇ, ಭಾವನೂ ಅವರೇ. ಹಾಗಾಗಿ ಬೈಗುಳವೂ ಎರಡು ಪಾಲು. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಂಡಿ ಇಟ್ಟುಕೊಂಡಿದ್ದರು. ತೂಕದ ಆಳು; ಅವರು ಕೂತರೆ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹೊರಡುತ್ತಿದ್ದವು. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡ ಮೇಲೆ ಅವರನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನನ್ನ ಅಮ್ಮ. ಆಗ ಅವಳೂ ಲಂಗ ತೊಡುವ ಹುಡುಗಿ. ತಮ್ಮ ಎಷ್ಟು ದೊಡ್ಡವನಾದರೂ, ಮನೆಗೆ ಬಂದರೆ ಅವಳು ಮೊದಲು ನೋಡುತ್ತಿದ್ದದ್ದು ಅವನ ಕೆನ್ನೆಗಳನ್ನು.

ಮಂಡಿಗೆ ಇಂಟರ್ನೆಟ್ ಹಾಕಿಸಿದ ಹೊಸದರಲ್ಲಿ ಅದು ಪದೇ ಪದೇ ಮಲಗುತ್ತಿತ್ತಂತೆ. ಕೇಬಲ್ಲಿನವನು 'ನಾಳೆ ಬರ್ತೀನಿ' ಎನ್ನುತ್ತಿದ್ದ. ಆ ಮಾತನ್ನು ತಾವೇ ಊರಿಗೆಲ್ಲ ಹೇಳಿ ರೂಢಿಯಾಗಿದ್ದ ಮಾವನಿಗೆ ಅದನ್ನು ಬೇರೆಯವರ ಬಾಯಲ್ಲಿ ಕೇಳಿ ತಡೆಯಲಾಗಲಿಲ್ಲ. ಹಟಕ್ಕೆ ಬಿದ್ದು ಫೋನಿನಲ್ಲಿ ತೆಲುಗು ವಿಡಿಯೋಗಳನ್ನು ನೋಡಿ ಕಲಿತರು. ಕಲಿತ ಮೇಲೆ ಸುಮ್ಮನಿರುವ ಜಾಯಮಾನ ಅವರದಲ್ಲ. ಬೀದಿಯಲ್ಲಿ ಯಾರ ರೌಟರು ಕೆಟ್ಟರೂ ಮಾವ ಹಾಜರು. ಕಾಸು ಮುಟ್ಟುತ್ತಿರಲಿಲ್ಲ; ಆದರೆ ಒಂದು ಲೋಟ ಕಾಫಿ ಬರಬೇಕು, ಮನೆಮಂದಿಯೆಲ್ಲ ಸುತ್ತ ಕೂತು ನೋಡಬೇಕು. ಮನುಷ್ಯರ ಜೊತೆ ಕನ್ನಡ, ರೌಟರಿನ ಜೊತೆ ಮಾತ್ರ ತೆಲುಗು. ಸೀರೆಪಿನ್ನಿನಿಂದ ರೀಸೆಟ್ ಬಟನ್ನು ಅದುಮಿ ಹಿಡಿದು, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ "ಲೇ ನಾಯನಾ, ಲೇ", ಅಂದರೆ ಏಳಪ್ಪಾ ಏಳು, ಎಂದು ಗೋಗರೆಯುತ್ತಿದ್ದರು.

"ಕನ್ನಡದಲ್ಲಿ ಕರೆದ್ರೆ ಏಳಾಕಿಲ್ವಾ ಮಾವ?"

"ಕನ್ನಡದಲ್ಲಿ ನಿನ್ನ ಎಬ್ಬಿಸಿ ಎಬ್ಬಿಸಿ ಸಾಕಾಗೈತೆ. ಎದ್ದಿದ್ದೀಯೇನ್ಲಾ ನೀನು?"

ಲೇಪಾಕ್ಷಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ. ಹುಡುಗಿಯನ್ನು ಸೋದರಮಾವನೇ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ಮುಹೂರ್ತ ಹತ್ತಿರ ಬಂತು, ಸೋದರಮಾವ ನಾಪತ್ತೆ. ಎಲ್ಲಿ ಜಾರಿ ಬಿದ್ದರೋ, ಎದೆನೋವೇ ಬಂತೋ ಎಂದು ನಾನು ನನ್ನ ಅಭ್ಯಾಸದಂತೆ ಬೆವರುತ್ತಾ ಹುಡುಕಿದರೆ, ಅವರು ಛತ್ರದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ರೇಷ್ಮೆ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದರು. ಛತ್ರದ ರೌಟರಿಗೆ ಹೊಸ ಸಾಫ್ಟ್‌ವೇರ್ ಏರಿಸುತ್ತಿದ್ದರು.

"ಮುಹೂರ್ತ ಮೀರ್ತಾ ಐತೆ ಮಾವ."

"ಅರ್ಧಕ್ಕೆ ಬುಟ್ರೆ ಇದು ಸತ್ತೋಯ್ತದೆ ಕಣ್ಲಾ. ಮದ್ವೆ ಸಾಯಾಕಿಲ್ಲ, ಇರು."

ಅಯ್ಯನೋರು ಮಂತ್ರವನ್ನು ಎಳೆದೂ ಎಳೆದೂ ಹೇಳಿದರು. ಹಸಿರು ದೀಪ ಬಂದ ಮೇಲೆಯೇ ಮಾವ ಎದ್ದದ್ದು. ಮಂಟಪಕ್ಕೆ ನಡೆದು ಬರುವಾಗ ಮದುಮಗಳಿಗಿಂತ ಅವರ ಮುಖವೇ ಹೆಚ್ಚು ಹೊಳೆಯುತ್ತಿತ್ತು.

ಹಿಂದೂಪುರದ ನಮ್ಮ ಮನೆಗೆ ರೌಟರು ತಂದು ಹಾಕಿದವರೂ ಅವರೇ. ನಮ್ಮದು ದಪ್ಪ ಕಲ್ಲುಗೋಡೆಯ ಹಳೆಯ ಮನೆ. ಸೊಂಟದ ಮೂಳೆ ಮುರಿದು ಅಮ್ಮ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅಲ್ಲಿಗೆ ಮೊಬೈಲಿನ ಸಿಗ್ನಲ್ ಏದುಸಿರು ಬಿಡುತ್ತಾ ಬರುತ್ತಿತ್ತು. ಮಾತು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ತಮ್ಮನ ಮುಖ ಕಾಣದೆ ಅಕ್ಕ ಸಪ್ಪಗಿದ್ದಾಳೆ ಎಂದು ಗೊತ್ತಾದದ್ದೇ ತಡ, ಮಾವ ಬೆಳಗಿನ ಬಸ್ಸಿಗೆ ಬಂದು ಅವಳ ಮಂಚದ ಪಕ್ಕದ ಗೋಡೆಗೇ ರೌಟರನ್ನು ತೂಗುಹಾಕಿದರು. ಅಂದಿನಿಂದ ಸಂಜೆಯಾದರೆ ಅಕ್ಕ ತಮ್ಮ ಫೋನಿನಲ್ಲಿ ಎದುರುಬದುರು. ಮಾತಿಗಿಂತ ನೋಡುವುದೇ ಹೆಚ್ಚು.

"ಏನ್ಲಾ ರುದ್ರ, ಕೆನ್ನೆ ಇಳಿದೈತಲ್ಲ. ಗಿರಿಜ ಸರಿಯಾಗಿ ಇಕ್ಕಾಕಿಲ್ವಾ?"

"ನಿನ್ ಮಗಳು ತಾನೇ ಕಣಕ್ಕ, ನೀನೇ ಕೇಳ್ಕೊ."

ರೌಟರು ಹಾಕಿ ಹೊರಡುವ ಮುಂಚೆ ಮಾವ ನಮ್ಮ ಮನೆಗೊಂದು ಕಾನೂನು ಮಾಡಿ ಹೋಗಿದ್ದರು. "ಗುಡುಗು ಬಂದ್ರೆ ಯಾರ್ನೂ ಕೇಳಾಕೋಗ್ಬ್ಯಾಡಿ, ಮೊದ್ಲು ಪ್ಲಗ್ ಕಿತ್ತಾಕಿ." ನನ್ನ ಹೆಂಡತಿ ಸುಧಾ ನನ್ನ ಮಾತನ್ನು ಮೀರಿಯಾಳು, ಮಾವನ ಮಾತನ್ನು ಮೀರುವವಳಲ್ಲ.

ಮಾವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಚಿಕಿತ್ಸೆಗೆಂದು ಅವರು ಬೆಂಗಳೂರಿಗೆ ಹೋಗಿದ್ದ ದಿನಗಳಲ್ಲೇ ನಮ್ಮ ರೌಟರು ಕೆಟ್ಟದ್ದು. ನನಗೆ ವಿಮೆ ಕಚೇರಿಯಲ್ಲಿ ಕೆಲಸ. ಆಗಬಹುದಾದ ಅನಾಹುತಗಳನ್ನು ಮುಂಚೆಯೇ ಊಹಿಸಿಕೊಂಡು ಹೆದರುವುದಕ್ಕೆ ಸಂಬಳ ಕೊಡುತ್ತಾರೆ. ಮನೆಗೆ ಬಂದು ಅದನ್ನೇ ಪುಕ್ಕಟೆ ಮಾಡುತ್ತೇನೆ. ಹಳೆಯ ಸಾಫ್ಟ್‌ವೇರ್ ಇರುವ ರೌಟರುಗಳ ಮೂಲಕ ಕಳ್ಳರು ಮನೆಯೊಳಗೆ ಇಣುಕುತ್ತಾರೆ ಎಂದು ಯಾರೋ ಕಳಿಸಿದ ಮೆಸೇಜು ಓದಿ, ಅಪ್‌ಡೇಟ್ ಎಂಬುದನ್ನು ಒತ್ತಿದೆ. ಅರ್ಧ ಏರಿತ್ತು, ಗುಡುಗಿತು. ಮಹಡಿಯಲ್ಲಿ ಒಣಹಾಕಿದ ಬಟ್ಟೆ ನೆನೆಯುತ್ತದೆಂಬ ಇನ್ನೊಂದು ಆತಂಕಕ್ಕೆ ನಾನು ಮೇಲೆ ಓಡಿದೆ. ಸುಧಾ ಕಾನೂನು ಪಾಲಿಸಿದಳು. ಮತ್ತೆ ಪ್ಲಗ್ ಹಾಕಿದಾಗ ಒಂದು ಕೆಂಪು ದೀಪ ಮಿಣುಕುತ್ತಿತ್ತು, ಅಷ್ಟೇ.

ಮಾವ ಕಲ್ಯಾಣದುರ್ಗಕ್ಕೆ ವಾಪಸು ಬಂದರು. ಡಾಕ್ಟರು ಮನೆಗೆ ಕಳಿಸಿದ್ದು ವಾಸಿಯಾಗಿ ಅಲ್ಲ, ಇನ್ನು ಮಾಡುವುದೇನೂ ಇಲ್ಲವೆಂದು. ಅದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಅವಳದು ಒಂದೇ ಮಾತು.

"ಅವ್ನ ಮಕ ಒಂದ್ಸಲ ತೋರ್ಸು ಕಣಪ್ಪ. ಸಾಕು."

ಮಾವನಿಗೆ ಫೋನ್ ಮಾಡಿದೆ. ದನಿ ಸಣ್ಣಗಾಗಿತ್ತು, ಗತ್ತು ಹಾಗೇ ಇತ್ತು. ಏನು ಮಾಡಬೇಕೆಂದು ಹೇಳಿದರು: ಸಿಗ್ನಲ್ ಸಿಗುವ ಮಹಡಿಯ ಮೇಲೆ ನಿಂತು ಆ ರೌಟರಿನ ಸಾಫ್ಟ್‌ವೇರ್ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಆಮೇಲೆ ರೌಟರಿನಿಂದ ಲ್ಯಾಪ್‌ಟಾಪಿಗೆ ವಯರು ಹಾಕಿ, ಪಿನ್ನಿನಿಂದ ರೀಸೆಟ್ ಅದುಮಿಕೊಂಡೇ ಸ್ವಿಚ್ ಒತ್ತಬೇಕು. ದೀಪ ಬೇಗ ಬೇಗ ಮಿಣುಕಿದಾಗ ಪಿನ್ನು ತೆಗೆದರೆ ಲ್ಯಾಪ್‌ಟಾಪಿನಲ್ಲಿ ಒಂದು ಪುಟ ತೆರೆಯುತ್ತದೆ, ಅಲ್ಲಿ ಫೈಲು ಏರಿಸಬೇಕು. ಹೇಳಿದ್ದೆಲ್ಲ ಮಾಡಿದೆ. ಪುಟ ತೆರೆಯಲಿಲ್ಲ.

"ಪಿನ್ನು ಬೇಗ ತೆಗೆದ್ಬುಟ್ಟೆ," ಎಂದರು. ಮರುದಿನ ನಿಧಾನವಾಗಿ ತೆಗೆದೆ. "ಈಗ ತಡ ಆಯ್ತು ನೋಡು." ಅದರ ಮರುದಿನ ವಯರು ಸರಿಯಿಲ್ಲ ಎಂದರು. ಇನ್ನೊಂದು ದಿನ, "ನಿನ್ನ ಕೈ ನಡುಗ್ತಾ ಐತೆ ಕಣ್ಲಾ, ಇಲ್ಲಿಗೇ ಕೇಳಿಸ್ತದೆ" ಎಂದರು. ನಿಜಕ್ಕೂ ನಡುಗುತ್ತಿತ್ತು. ಆ ಮಾತಿನ ಮೇಲೆ ನನಗೆ ಯಾವ ಅನುಮಾನವೂ ಬರಲಿಲ್ಲ. ನನ್ನ ಕೈಯ ವಿಚಾರದಲ್ಲಿ ಯಾರು ಏನು ಹೇಳಿದರೂ ನಂಬುವವನು ನಾನು. ಹೊಸ ರೌಟರು ತರುತ್ತೇನೆ ಎಂದಾಗ ಮಾತ್ರ ಅವರಿಗೆ ಸಿಟ್ಟು ಬಂತು.

"ನಾನು ಬದುಕಿರೋವಾಗ್ಲೇ ಹೊಸದು ತತ್ತೀಯೇನ್ಲಾ? ತಂದು ನೋಡು, ನಿನ್ ಮನೆ ಮೆಟ್ಲು ತುಳಿಯಾಕಿಲ್ಲ."

ಒಳಕೋಣೆಯಿಂದ ಅಮ್ಮ, "ಇನ್ನೂ ಆಗಿಲ್ವೇನಪ್ಪಾ" ಎನ್ನುತ್ತಿದ್ದಳು.

ಕೊನೆಗೆ ಯಾರಿಗೂ ಹೇಳದೆ ರೌಟರನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡ ಗಿರಿಜಕ್ಕ, "ಒಂದು ಫೋನಾದ್ರೂ ಮಾಡಿ ಬರ್ಬಾರ್ದಾಗಿತ್ತೇನೋ" ಎಂದಳು. ಅವಳು ಯಾಕೆ ಹಾಗಂದಳೆಂದು ಒಳಗೆ ಹೋದ ಮೇಲೆ ತಿಳಿಯಿತು. ಕಿಟಕಿಯ ಪಕ್ಕ ಕೂತಿದ್ದವರು ಯಾರೋ ನೆಂಟರು ಎಂದುಕೊಂಡೆ. ತಲೆಯಲ್ಲಿ ಒಂದು ಕೂದಲಿಲ್ಲ. ಕೆನ್ನೆಗಳಿದ್ದ ಜಾಗದಲ್ಲಿ ಎರಡು ಗುಳಿ. ಅವರ ಹಳೆಯ ಅಂಗಿಯನ್ನೇ ಹಾಕಿಸಿದ್ದರು; ಅಂಗಿಯೊಳಗೆ ಮಾವನನ್ನು ಹುಡುಕಬೇಕಿತ್ತು. ಅವರು ನನ್ನನ್ನು ನೋಡಲಿಲ್ಲ, ಚೀಲವನ್ನು ನೋಡಿದರು.

"ತಂದ್ಬುಟ್ಯಾ?"

ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ ಗಿರಿಜಕ್ಕನಿಂದ ತಮ್ಮ ಲ್ಯಾಪ್‌ಟಾಪು ತರಿಸಿದರು. ವಯರು ಸಿಕ್ಕಿಸಿ, ಮೊದಲು ಲ್ಯಾಪ್‌ಟಾಪಿನೊಳಗೆ ಎಲ್ಲೋ ಹೋಗಿ, ಚುಕ್ಕೆ ಚುಕ್ಕೆಯ ಒಂದು ನಂಬರನ್ನು ಕೈಯಾರೆ ಬರೆದರು.

"ಅದೇನು ಮಾವ?"

"ಲ್ಯಾಪ್‌ಟಾಪಿಗೆ ವಿಳಾಸ. ಇದು ಕೊಡ್ದಿದ್ರೆ ಒಂದಕ್ಕೊಂದು ಕಾಣಾಕಿಲ್ಲ. ಪಿನ್ನು ಹಿಡಿ."

ಹಿಡಿದೆ. ಅವರು ಸ್ವಿಚ್ ಒತ್ತಿದರು. ಪುಟ ತಕ್ಷಣ ತೆರೆಯಿತು. ಫೈಲು ಏರಿತು, ಹಸಿರು ದೀಪ ಬಂತು. ನಮ್ಮ ಮನೆಯ ಹಳೆಯ ಸೆಟ್ಟಿಂಗುಗಳ ನಕಲೂ ಅವರ ಹತ್ತಿರ ಇತ್ತು, ಅದನ್ನೂ ಹಾಕಿದರು. ಕಾಫಿ ಆರುವ ಮುಂಚೆ ಎಲ್ಲ ಮುಗಿದಿತ್ತು. ನನ್ನ ಕೈ ಆಗಲೂ ನಡುಗುತ್ತಲೇ ಇತ್ತು.

"ಈ ನಂಬರಿನ ವಿಷಯ ಫೋನಲ್ಲಿ ಹೇಳ್ಲೇ ಇಲ್ವಲ್ಲ ಮಾವ."

"ಹೇಳಿದ್ರೆ ಸರಿಹೋಗ್ಬುಡ್ತಿತ್ತಲ್ಲ."

ನಾನು ವಯರು ಬಿಚ್ಚಿ ಸುತ್ತತೊಡಗಿದೆ.

"ನಮ್ಮಕ್ಕ ನನ್ನ ಇಂಗೆ ನೋಡಿದ್ರೆ ಅನ್ನ ಬುಟ್ಬುಡ್ತಾಳೆ ಕಣ್ಲಾ," ಎಂದರು. "ಮಾತು ಕೇಳ್ಲಿ, ಸಾಕು. ಮಾತಲ್ಲಿ ನಾನಿನ್ನೂ ದಪ್ಪಗಿದ್ದೀನಿ."

"ಮತ್ಯಾಕೆ ಈಗ ರಿಪೇರಿ ಮಾಡಿದ್ದು?"

"ಕೆಟ್ಟಿರೋದ ಮುಂದಿಟ್ಟುಬುಟ್ರೆ ಕೈ ಸುಮ್ಕಿರಾಕಿಲ್ಲ. ನೀನು ಕೆಟ್ಟೈತೆ ಅಂತ್ಲೇ ಹೇಳು. ನೀನು ಹೇಳಿದ್ರೆ ನಂಬ್ತಾರೆ."

ನನ್ನ ಬಗ್ಗೆ ಅಷ್ಟು ಭರವಸೆಯ ಮಾತನ್ನು ಅವರು ಆಡಿದ್ದು ಅದೊಂದೇ ಸಲ.

ಮನೆಗೆ ಬಂದು, ಒಳಗಿನ ಯಾವುದೋ ಭಾಗ ಹೋಗಿದೆಯಂತೆ, ಸಿಕ್ಕುತ್ತಿಲ್ಲವಂತೆ ಎಂದು ಅಮ್ಮನಿಗೆ ಹೇಳಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ "ಹೂಂ" ಎಂದಳು. ಸುಧಾಳಿಗೆ ನಿಜ ತಿಳಿಸಿ, ಸರಿಹೋದ ರೌಟರನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ಆಮೇಲೆ ಸಂಜೆಯ ಫೋನಿನಲ್ಲಿ ಅಕ್ಕ ತಮ್ಮನಿಗೆ ನಾನೇ ವಿಷಯ.

"ನಿನ್ನಳಿಯ ಇನ್ನೂ ರಿಪೇರಿ ಮಾಡ್ಸಿಲ್ಲ ಕಣ್ಲಾ ರುದ್ರ."

"ಅವ್ನ ಕೈಲೇನಾಯ್ತದೆ ಬುಡಕ್ಕ. ಹುಟ್ಟಿದಾಗ್ನಿಂದ ನೋಡಿಲ್ವಾ?"

ಇಬ್ಬರೂ ನಗುತ್ತಿದ್ದರು. ಐವತ್ತರ ಹತ್ತಿರ ಬಂದ ಮೇಲೆ ನನ್ನ ಕೈಲಾಗದತನ ಮೊದಲ ಸಲ ಮನೆಯ ಉಪಯೋಗಕ್ಕೆ ಬಂತು. ಬರಬರುತ್ತಾ ಮಾವನ ನಗು ಸಣ್ಣದಾಯಿತು. ಆಮೇಲೆ ಅಮ್ಮನೊಬ್ಬಳೇ ಮಾತಾಡುತ್ತಿದ್ದಳು. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಅವಳು ನನ್ನನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ.

ಮಾವ ಹೋದ ದಿನ ನಾನು ಕಲ್ಯಾಣದುರ್ಗದಲ್ಲಿದ್ದೆ. ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಇಟ್ಟು ಹಾರ ಹಾಕಿದ್ದರು. ಮಂಡಿಯ ಹಮಾಲರು ಬಾಗಿಲ ಹೊರಗೆ ನಿಂತು ಅಳುತ್ತಿದ್ದರು. ಅಮ್ಮ ಬರಲಾರಳು. ಬದುಕಿದ್ದಾಗ ನೋಡಬಾರದೆಂದರು ಸರಿ, ಮಣ್ಣಿಗೆ ಹೋಗುವ ಮುಂಚೆಯೂ ನೋಡಬಾರದೇ ಎಂದು ಸಂಕಟವಾಯಿತು. ಸುಧಾಳಿಗೆ ಫೋನ್ ಮಾಡಿ, ರೌಟರು ತೆಗೆದು ಪ್ಲಗ್ ಹಾಕು ಎಂದೆ. ಸ್ವಲ್ಪ ಹೊತ್ತಿಗೆ ನನ್ನ ಫೋನಿನಲ್ಲಿ ಅಮ್ಮನ ಮುಖ ಸ್ಪಷ್ಟವಾಗಿ ಮೂಡಿತು. ಅವಳು ಅಳುತ್ತಿರಲಿಲ್ಲ. ನಾನು ಫೋನನ್ನು ಮಾವನ ಕಡೆಗೆ ತಿರುಗಿಸಲು ಹೋದೆ.

"ಬ್ಯಾಡ. ತಿರುಗಿಸ್ಬ್ಯಾಡ."

"ಕಡೇ ಸಲ ಕಣಮ್ಮ."

"ಅವ್ನೇ ಬ್ಯಾಡ ಅಂದವ್ನೆ. ರುದ್ರನ ಕೈಲಿ ಸರಿಹೋಗದ್ದು ಯಾವ್ದೈತೆ? ನಂಗೊತ್ತಾಗಲ್ವಾ?"

ನಾನು ಫೋನನ್ನು ನನ್ನ ಕಡೆಗೇ ಹಿಡಿದೆ. ಅವಳು ಫೋನಿನೊಳಗಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ತಲೆ ಬಾಚವ್ರಾ ಅವ್ನಿಗೆ? ಚಿಕ್ಕೋನಿದ್ದಾಗ್ನಿಂದ್ಲೂ ಅವ್ನ ಕೂದ್ಲು ಕೂರಾಕಿಲ್ಲ. ನೀರು ಹಚ್ಚಿ ಬಾಚ್ಬೇಕು."

ನಾನು ಮಾವನ ಕಡೆ ನೋಡಿದೆ.

"ಬಾಚವ್ರೆ ಕಣಮ್ಮ," ಎಂದೆ. "ನೀರು ಹಚ್ಚೇ ಬಾಚವ್ರೆ."